ಗೇಜು ತುಂಬಿತ್ತು, ಹೆಡ್ಡು ಒಣಗಿತ್ತು

ಹನುಮಸಾಗರದಲ್ಲಿ ಕುಷ್ಟಗಿ ರಸ್ತೆಗೆ ಹೊಂದಿಕೊಂಡು ದ್ಯಾವಪ್ಪನ ಗ್ಯಾರೇಜು ಇದೆ. ಮೋಟರ್‌ಸೈಕಲ್ ರಿಪೇರಿ ಮಾಡುವ ಜಾಗ ಅಷ್ಟು ಚೊಕ್ಕಟವಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನೆಲಕ್ಕೆ ಶಹಾಬಾದಿ ಕಲ್ಲು, ಗೋಡೆಯ ಮೇಲೆ ಸಾಲಾಗಿ ತೂಗುಬಿಟ್ಟ ಪಾನಾಗಳು, ಮೂಲೆಯಲ್ಲಿ ಕೈ ತೊಳೆಯಲು ಕಟ್ಟಿಗೆ ಹೊಟ್ಟು ಮತ್ತು ಸೋಪಿನ ಚೂರು. ಊಟದ ಡಬ್ಬಿ ಬಿಚ್ಚುವ ಮೊದಲು ದ್ಯಾವಪ್ಪ ಉಗುರಿನ ಸಂದಿಯ ಮಸಿಯನ್ನು ಜಾಲಿಮುಳ್ಳಿನಿಂದ ತೆಗೆಯುತ್ತಿದ್ದ. ಅಷ್ಟಾದ ಮೇಲೂ ಒಮ್ಮೆ ಕೈ ಮೂಸಿ ನೋಡುತ್ತಿದ್ದ.

ಬಾಯಿ ಮಾತ್ರ ಅಷ್ಟು ಚೊಕ್ಕಟದ್ದಲ್ಲ. 'ಥೂ' ಎನ್ನದೆ ಅವನು ಯಾವ ಗಾಡಿಯನ್ನೂ ಮುಟ್ಟಿದ್ದಿಲ್ಲ. ಪೆಟ್ರೋಲ್ ಟಾಕಿಯ ಮೇಲೆ ಗುಟ್ಕಾ ಉಗುಳಿನ ಕಲೆ ಕಂಡರೆ ಮಾಲೀಕನ ಕೈಗೇ ಬಕೆಟ್ಟು ಕೊಟ್ಟು ತೊಳೆದುಕೊಂಡು ಬಾ ಎನ್ನುತ್ತಿದ್ದ. ಚೈನಿಗೆ ಮಣ್ಣು ಮೆತ್ತಿಕೊಂಡಿದ್ದರೆ, ಆಯಿಲ್ ಬದಲಿಸದೆ ವರ್ಷ ಕಳೆದಿದ್ದರೆ ಮಾಲೀಕನ ಮನೆತನದವರೆಗೂ ಹೋಗುತ್ತಿದ್ದ. ಅವನ ಕೆಲಸ ಗಟ್ಟಿ, ಆದ್ದರಿಂದ ಮಂದಿ ಬೈಸಿಕೊಂಡೇ ಬರುತ್ತಿದ್ದರು. ಬೈಗುಳವನ್ನೂ ಕೂಲಿಯಲ್ಲಿ ಸೇರಿಸಿಯೇ ಬರಬೇಕು ಎಂದು ಗ್ಯಾರೇಜಿನ ಮುಂದಿನ ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು.

ನಾನು ಹೇಳುವುದು ಕಳಕಮ್ಮನ ಗಾಡಿ ಕೆಟ್ಟ ಬೇಸಿಗೆಯ ಮಾತು.

ಕಳಕಮ್ಮ ಹಾಲು ಒಯ್ಯುವವಳು. ಸುತ್ತಲಿನ ಹೊಲದ ಮನೆಗಳಿಂದ ಹಾಲು ಕೂಡಿಸಿ ಊರಿನ ಡೇರಿಗೆ ತಂದು ಹಾಕುತ್ತಾಳೆ. ಗಂಡ ಟ್ರ್ಯಾಕ್ಟರ್ ಓಡಿಸುತ್ತಾನೆ, ಸುಗ್ಗಿಯಲ್ಲಿ ಮನೆಗೆ ಬರುವುದೇ ಅಪರೂಪ. ಗಾಡಿಯ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು, ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ಆಕೆ ಎರೆಹೊಲದ ದಾರಿಯಲ್ಲಿ ಬರುವುದನ್ನು ಮೊದಮೊದಲು ಜನ ನಿಂತು ನೋಡುತ್ತಿದ್ದರು. ಈಗ ಯಾರಿಗೂ ಅದು ಸುದ್ದಿಯಲ್ಲ. ಗಾಡಿ ಬಹಳ ಹಳೆಯದು, ಆಕೆಯ ಮಗಳಿಗಿಂತ ಮೊದಲೇ ಮನೆಗೆ ಬಂದದ್ದು. ಅದನ್ನು ಆಕೆ ಎಮ್ಮೆಯ ಹಾಗೇ ನೋಡಿಕೊಳ್ಳುತ್ತಿದ್ದಳು. ದಿನಾ ಒರೆಸುವುದು, ಹೊತ್ತಿಗೆ ಸರಿಯಾಗಿ ದ್ಯಾವಪ್ಪನ ಹತ್ತಿರ ಆಯಿಲ್ ಬದಲಿಸುವುದು. ದ್ಯಾವಪ್ಪ ಬೈಯದೆ ಬಿಡುತ್ತಿದ್ದ ಗಿರಾಕಿ ಯಾರಾದರೂ ಇದ್ದರೆ ಅದು ಕಳಕಮ್ಮ ಒಬ್ಬಳೇ.

ಆ ದಿನ ಆಕೆ ಗಾಡಿಯನ್ನು ತಳ್ಳಿಕೊಂಡು ಬಂದಳು. ಬೆಳಗಿನಿಂದ ಇಂಜಿನ್ನಿನ ಮೇಲಿನ ಹೆಡ್ಡಿನೊಳಗೆ ಟಿಕ್ ಟಿಕ್ ಎಂದು ಸದ್ದು ಬರುತ್ತಿತ್ತು, ಏರು ದಾರಿಯಲ್ಲಿ ಕಾಲಿಗೆ ಕಾವು ಬಡಿಯಿತು, ಆಮೇಲೆ ತನ್ನಷ್ಟಕ್ಕೆ ನಿಂತುಹೋಯಿತು ಎಂದಳು. ಕ್ಯಾನಿನಲ್ಲಿದ್ದ ಹಾಲು ಬಿಸಿಲಿಗೆ ಒಡೆದಿತ್ತು.

ದ್ಯಾವಪ್ಪ ಮೊದಲು ಆಯಿಲ್ ಮಟ್ಟ ತೋರಿಸುವ ಗೇಜು ಕಡ್ಡಿ ತೆಗೆದು ನೋಡಿದ. ಆಯಿಲ್ ಮೇಲಿನ ಗೀರಿನ ತನಕ ಇತ್ತು. ತಂಪಾಗುವವರೆಗೆ ಬಿಟ್ಟು, ಮೇಲಿನ ಟ್ಯಾಪೆಟ್ ಮುಚ್ಚಳ ಬಿಚ್ಚಿದ. ಸದಾ ಎಣ್ಣೆಯಲ್ಲಿ ತೊಯ್ದಿರಬೇಕಾದ ಜಾಗ ಒಣಗಿತ್ತು. ಗೋಡೆಗೆಲ್ಲ ಸೀದ ಬೆಲ್ಲದಂಥ ಕಂದು ಬಣ್ಣದ ಹೊಟ್ಟು ಹಿಡಿದಿತ್ತು. ಬ್ಯಾಟರಿ ಹಾಕಿ ನೋಡಿದರೆ ವಾಲ್ವು ಆಡಿಸುವ ಕ್ಯಾಮಿನ ಮೂಗು ಸವೆದು ಚಪ್ಪಟೆಯಾಗಿತ್ತು. ಅದರ ಮೇಲೆ ಆಡುವ ರಾಕರಿನ ಮುಖದಲ್ಲಿ ಸಿಡುಬಿನ ಹಾಗೆ ಗುಳಿ. ಕ್ಯಾಮು ಕೂರುವ ಜಾಗದಲ್ಲಿ ಗೀರು ಬಿದ್ದು ಲೋಹ ನೀಲಿಗೆ ತಿರುಗಿತ್ತು.

ಇಂಜಿನ್ನಿನಲ್ಲಿ ಎಣ್ಣೆ ಕೆಳಗಿನಿಂದ ಮೇಲೆ ಹತ್ತುತ್ತದೆ. ಕೊರತೆಯಾದರೆ ಮೊದಲು ಸಾಯುವುದು ಹೆಡ್ಡೇ. ಇದು ಎಣ್ಣೆ ಸಿಗದೆ ಸುಟ್ಟ ಹೆಡ್ಡು ಎನ್ನುವುದರಲ್ಲಿ ದ್ಯಾವಪ್ಪನಿಗೆ ಸಂಶಯವಿರಲಿಲ್ಲ. ಕೆಳಗೆ ತುಂಬಿದೆ, ಮೇಲೆ ಒಣಗಿದೆ. ಇದಕ್ಕೆ ಅವನಿಗೆ ಒಂದೇ ಅರ್ಥ ಹೊಳೆಯಿತು. ಬರಿದಾದ ಗಾಡಿಯನ್ನು ಓಡಿಸಿ ಕೆಡಿಸಿ, ಈಗ ತರುವ ಮುಂಚೆ ಯಾರದೋ ಕೈಯಿಂದ ಆಯಿಲ್ ತುಂಬಿಸಿಕೊಂಡು ಬಂದಿದ್ದಾಳೆ.

ಅವನಿಗೆ ಎಲ್ಲಕ್ಕಿಂತ ಹೇಸಿಗೆ ಇದ್ದದ್ದು ಸುಳ್ಳಿಗೆ. ಹೊಲಸು ಗಾಡಿಯನ್ನಾದರೂ ತೊಳೆಯಬಹುದು. ಸುಳ್ಳು ಹೇಳುವವರನ್ನು ಏನು ಮಾಡುವುದು ಎಂದು ಅವನು ಆಗಾಗ ಅನ್ನುತ್ತಿದ್ದ. ಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು. ಅವರ ಎದುರಿಗೇ ಮುಚ್ಚಳವನ್ನು ಕಲ್ಲಿನ ಮೇಲೆ ಎಸೆದ.

"ಆಯಿಲ್ ಇಲ್ಲದ ಗಾಡಿ ಓಡಿಸಿ ಸುಟ್ಟೀರಿ ಅಕ್ಕಾರ. ಈಗ ಹೊಸಾದು ತುಂಬಿಸ್ಕೊಂಡು ನನ್ನ ಮುಂದ ನಾಟಕ ಮಾಡಾಕತ್ತೀರಿ."

ಕಳಕಮ್ಮನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ, "ನೀವ ಹಾಕಿದ ಆಯಿಲ್ ಐತಿ ರೀ ಅದು. ಬ್ಯಾರೆ ಯಾರೂ ಮುಟ್ಟಿಲ್ಲ" ಎಂದಳು.

"ಥೂ, ಹಾಲಿಗೆ ನೀರು ಹಾಕೂ ಮಂದಿಗೆ ಇದೇನ್ ದೊಡ್ಡದಲ್ಲ ಬಿಡ್ರಿ" ಎಂದುಬಿಟ್ಟ ದ್ಯಾವಪ್ಪ.

ಕಟ್ಟೆಯ ಮೇಲೆ ಯಾರೋ ನಕ್ಕರು. ಹಾಲು ಮಾರುವವಳಿಗೆ ಅದಕ್ಕಿಂತ ಕೆಟ್ಟ ಮಾತು ಇಲ್ಲ. ಕಳಕಮ್ಮ ಒಡೆದ ಹಾಲಿನ ಕ್ಯಾನುಗಳನ್ನು ಬಿಚ್ಚಿ, ಒಂದನ್ನು ತಲೆಯ ಮೇಲೆ, ಒಂದನ್ನು ಸೊಂಟದ ಮೇಲೆ ಇಟ್ಟುಕೊಂಡು ಬಿಸಿಲಿನಲ್ಲಿ ನಡೆದು ಹೋದಳು. ಗಾಡಿ ಅಲ್ಲೇ ಉಳಿಯಿತು.

ಬೈದರೂ ಕೆಲಸ ಬಿಡುವ ಗಂಡಸಲ್ಲ ದ್ಯಾವಪ್ಪ. ಮರುದಿನ ಇಂಜಿನ್ ಇಳಿಸಿದ. ಆಯಿಲ್ ಬಸಿಯಲು ಕೆಳಗಿನ ಬೋಲ್ಟು ಬಿಚ್ಚಿದರೆ ಮೊದಲು ಕರಿ ನೀರಿನಂಥದು ಬಂತು, ಆಮೇಲೆ ನಿಂತಿತು. ತಂತಿ ಹಾಕಿ ಕೆದಕಿದಾಗ ಏನೋ ಜಿಗುಟು ಹರಿದು, ಮೂಗಿನ ಸಿಂಬಳದ ಹಾಗೆ ನೂಲು ನೂಲಾಗಿ ಇಳಿಯತೊಡಗಿತು. ಸುಟ್ಟ ವಾಸನೆಯ ಜೊತೆಗೆ ಇನ್ನೊಂದು ವಾಸನೆ, ಹುಳಿ ಹುಳಿ, ಗಂಟಲಿಗೆ ಹತ್ತುವಂಥದು. ದ್ಯಾವಪ್ಪ ಮುಖ ತಿರುಗಿಸಿಕೊಂಡ. ಬಲಗಡೆಯ ಕ್ಲಚ್ ಕವರ್ ಬಿಚ್ಚಿದ. ಅದರ ಬುಡದಲ್ಲಿ ಪಂಪು ಎಣ್ಣೆ ಎಳೆಯುವ ದಾರಿಗೆ ಒಂದು ಸಣ್ಣ ಜಾಲರಿ ಇರುತ್ತದೆ, ಚಹಾ ಸೋಸುವ ಜರಡಿಯಂಥದು. ಅದನ್ನು ಚಿಮಟಿಗೆಯಿಂದ ಎಳೆದರೆ ಜಾಲರಿಯೇ ಕಾಣಲಿಲ್ಲ. ಒಂದು ಕಣ್ಣೂ ಬಿಡದಂತೆ ಕರಿ ಕೊಬ್ಬು ಹೆಪ್ಪುಗಟ್ಟಿ ಕೂತಿತ್ತು.

ಕೆಳಗೆ ಎಣ್ಣೆ ಇತ್ತು. ಮೇಲೆ ಹತ್ತಲು ದಾರಿ ಇರಲಿಲ್ಲ.

ಅವನು ಆ ಜಾಲರಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಹಿಂದಿನ ದೀಪಾವಳಿಯಲ್ಲಿ ಈ ಗಾಡಿಯ ಕ್ಲಚ್ ಪ್ಲೇಟು ಹಾಕಿದವನು ಅವನೇ. ಇದೇ ಜಾಲರಿಯನ್ನು ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗೆ ಹಿಡಿದು ನೋಡಿ, ಕೂರಿಸಿದವನು ಅವನೇ. ಅಲ್ಲಿಂದ ಇಲ್ಲಿಯ ತನಕ ಇದರೊಳಗೆ ಹೋದ ಒಂದೊಂದು ಹನಿ ಆಯಿಲ್ಲೂ ಅವನ ಕೈಯಿಂದಲೇ ಬಿದ್ದದ್ದು. ಕಳಕಮ್ಮ ಹೇಳಿದ್ದು ಅದನ್ನೇ.

ಗ್ಯಾರೇಜಿನ ಹಿಂಭಾಗದಲ್ಲಿ ಹಲಗೆಯ ಮೇಲೆ ಆಯಿಲ್ ಡಬ್ಬಿಗಳು ಸಾಲಾಗಿ ಇದ್ದವು. ದೊಡ್ಡ ಕಂಪನಿಯ ಲೇಬಲ್ಲು, ಮುಚ್ಚಳಕ್ಕೆ ಸೀಲು. ಅವನ್ನು ತಂದುಕೊಡುತ್ತಿದ್ದವನು ರವಿಕುಮಾರ, ದ್ಯಾವಪ್ಪನ ಹೆಂಡತಿ ಹುಲಿಗವ್ವನ ತಮ್ಮ. ಗಂಗಾವತಿಯಲ್ಲಿ ಏಜೆನ್ಸಿ ಹಿಡಿದಿದ್ದೇನೆ ಎಂದು ಹೇಳಿ ಹೋದ ವರ್ಷದಿಂದ ಗೂಡ್ಸ್ ಆಟೋದಲ್ಲಿ ಡಬ್ಬಿ ಇಳಿಸಿ ಹೋಗುತ್ತಿದ್ದ. ಹೋಗುವಾಗ ಗಾಡಿಗಳಿಂದ ಬಸಿದ ಹಳೆಯ ಆಯಿಲ್ ತುಂಬಿದ ಡ್ರಮ್ಮನ್ನೂ, ಖಾಲಿ ಡಬ್ಬಿಗಳನ್ನೂ ಹೇರಿಕೊಂಡು ಹೋಗುತ್ತಿದ್ದ. ಸ್ಲ್ಯಾಬ್ ಹಾಕುವವರಿಗೆ ಸೆಂಟ್ರಿಂಗ್ ಹಲಗೆಗೆ ಬಳಿಯಲು ಬೇಕು ಎಂದಿದ್ದ. ಆ ಹೊಲಸು ಅಂಗಳದಿಂದ ಹೋದರೆ ಸಾಕು ಎಂದು ದ್ಯಾವಪ್ಪ ಕೈಯಾರೆ ಎತ್ತಿ ಹಾಕುತ್ತಿದ್ದ.

ಅವನು ಒಂದು ಹೊಸ ಡಬ್ಬಿ ಒಡೆದ. ಬಿಳಿ ಪಂಚೆಯ ತುಂಡಿನ ಮೇಲೆ ಸುರಿದರೆ ಬಟ್ಟೆಯ ಮೇಲೆ ಕರಿ ಹಿಟ್ಟು ಉಳಿಯಿತು. ತಗಡಿನ ಮುಚ್ಚಳದಲ್ಲಿ ಒಂದಿಷ್ಟು ಹಾಕಿ ಒಲೆಯ ಮೇಲೆ ಇಟ್ಟರೆ ಒಗ್ಗರಣೆಯ ಹಾಗೆ ಚಟಪಟ ಸಿಡಿದು ನೊರೆ ಬಂತು. ಎಣ್ಣೆಯಲ್ಲಿ ನೀರು ಇತ್ತು. ನೊರೆ ಇಳಿದ ಮೇಲೆ ಅದೇ ಹುಳಿ ವಾಸನೆ. ಕುಷ್ಟಗಿಗೆ ಹೋಗಿ ಕಂಪನಿಯ ಅಂಗಡಿಯಿಂದಲೇ ಒಂದು ಡಬ್ಬಿ ತಂದು ಹಾಗೇ ಮಾಡಿದ. ಅದು ಸುಮ್ಮನೆ ಕಾದು ತೆಳ್ಳಗಾಯಿತು, ಅಷ್ಟೇ. ಹಿಂದಿನ ಆರೆಂಟು ತಿಂಗಳಲ್ಲಿ ಹೆಡ್ಡಿನ ಸದ್ದು ಎಂದು ಬಂದ ಹಳೆಯ ಗಾಡಿಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಎಲ್ಲರಿಗೂ ಥೂ ಎಂದಿದ್ದ. ಎಲ್ಲರೂ ತಮ್ಮದೇ ತಪ್ಪು ಎಂದುಕೊಂಡು ತಲೆ ತಗ್ಗಿಸಿ ಹೋಗಿದ್ದರು. ಕಳಕಮ್ಮ ಮಾತ್ರ ತಿರುಗಿ ಹೇಳಿದ್ದಳು.

ಹುಲಿಗವ್ವನಿಗೆ ಏನೂ ಹೇಳದೆ ಅವನು ಗಂಗಾವತಿ ಬಸ್ಸು ಹತ್ತಿದ. ತಾವರಗೇರಾ, ಕನಕಗಿರಿ ದಾಟುವ ತನಕವೂ ರವಿಕುಮಾರನಿಗೂ ಯಾರೋ ಮೋಸ ಮಾಡಿರಬೇಕು ಎಂದೇ ಅವನ ಮನಸ್ಸು ಹೇಳುತ್ತಿತ್ತು. ರವಿಕುಮಾರ ಇಸ್ತ್ರಿ ಅಂಗಿಯ ಹುಡುಗ, ಅಕ್ಕನಿಗೆ ಹಬ್ಬಕ್ಕೆ ಸೀರೆ ತರುವವನು. ಏಜೆನ್ಸಿ ಅಂಗಡಿಯ ಶಟರು ಇಳಿದಿತ್ತು. ಪಕ್ಕದ ಟೈರಿನ ಅಂಗಡಿಯವನು, ಅವರು ಇಲ್ಲಿ ಕೂರುವುದೇ ಕಡಿಮೆ, ಮಾಲು ತಯಾರಾಗುವುದು ಶ್ರೀರಾಮನಗರದ ಹತ್ತಿರದ ಶೆಡ್ಡಿನಲ್ಲಿ ಎಂದ. ತಯಾರಾಗುವುದು ಎಂಬ ಮಾತನ್ನು ದ್ಯಾವಪ್ಪ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ.

ಶೇರ್ ಆಟೋ ಹಿಡಿದು ಹೋದ. ಕಾಲುವೆಯ ಪಕ್ಕ ಮುಚ್ಚಿದ ಅಕ್ಕಿ ಗಿರಣಿ, ಅದರ ಹಿಂದೆ ಶೆಡ್ಡು. ಸುತ್ತಲೂ ಹಸಿರು ಭತ್ತ. ದೂರದಿಂದಲೇ ಆ ಹುಳಿ ವಾಸನೆ ಬಂತು. ಶೆಡ್ಡಿನಿಂದ ಹರಿದು ಬಂದ ನೀರು ಗದ್ದೆಯ ಬದುವಿನಲ್ಲಿ ನಿಂತಿತ್ತು, ಅದರ ಮೇಲೆ ಬಣ್ಣ ಬಣ್ಣದ ಪೊರೆ. ಅಲ್ಲಿ ಪೈರು ಹಳದಿಯಾಗಿ ಮಲಗಿತ್ತು.

ಒಳಗೆ ಭತ್ತದ ಹೊಟ್ಟಿನ ಒಲೆ ಉರಿಯುತ್ತಿತ್ತು. ಅದರ ಮೇಲೆ ಕೊಯ್ದ ಡ್ರಮ್ಮಿನಲ್ಲಿ ಕರಿ ಆಯಿಲ್ ಕುದಿಯುತ್ತಿತ್ತು. ಇನ್ನೊಂದು ಕಡೆ ಹಳೆಯ ಲುಂಗಿಗಳನ್ನು ಜೋಳಿಗೆಯ ಹಾಗೆ ಕಟ್ಟಿ ಸೋಸಲು ಬಿಟ್ಟಿದ್ದರು. ಲುಂಗಿಯ ತುದಿಯಿಂದ ಹನಿ ಹನಿಯಾಗಿ ಕೆಂಪಗಿನ ಎಣ್ಣೆ ಇಳಿಯುತ್ತಿತ್ತು. ಮೂಲೆಯಲ್ಲಿ ಖಾಲಿ ಡಬ್ಬಿಗಳ ಗುಡ್ಡೆ. ಒಬ್ಬ ಹೆಂಗಸು ಟಬ್ಬಿನಲ್ಲಿ ಸೋಡಾ ನೀರು ಹಾಕಿಕೊಂಡು ಅವನ್ನು ತೊಳೆಯುತ್ತಿದ್ದಳು. ಆಕೆಯ ಬೆರಳುಗಳ ಚರ್ಮ ಸುಲಿದು ಬೆಳ್ಳಗಾಗಿತ್ತು. ನೊಣಗಳು ಬಿದ್ದು ಸತ್ತು ಆಯಿಲ್ಲಿನ ಮೇಲೆ ತೇಲುತ್ತಿದ್ದವು. ಗೋಡೆಗೆ ಒರಗಿಸಿ ಇಟ್ಟ ಡ್ರಮ್ಮುಗಳಲ್ಲಿ ಒಂದು ನೀಲಿಯದು, ಕಂಠಕ್ಕೆ ಸೈಕಲ್ ಟ್ಯೂಬು ಸುತ್ತಿದ್ದು. ಸೋರುತ್ತದೆ ಎಂದು ಆ ಟ್ಯೂಬನ್ನು ಸುತ್ತಿದವನು ದ್ಯಾವಪ್ಪನೇ.

ರವಿಕುಮಾರ ಅವನನ್ನು ನೋಡಿ ಗಾಬರಿಯಾಗಲಿಲ್ಲ. ಅದೇ ದ್ಯಾವಪ್ಪನಿಗೆ ಸಹಿಸಲಾಗಲಿಲ್ಲ. ಬರ್ರಿ ಮಾಮಾ ಎಂದು ಕುರ್ಚಿ ಒರೆಸಿ ಹಾಕಿದ. ಚಹಾ ತರಿಸಿದ. ಲೋಟದ ಅಂಚಿಗೆ ಕರಿ ಬೆರಳಿನ ಗುರುತಿತ್ತು.

"ಅದು ನನ್ನ ಡ್ರಮ್ಮು" ಎಂದ ದ್ಯಾವಪ್ಪ.

"ಹೌದ್ರಿ. ನಿಮ್ಮ ಮಾಲು ಛಲೋ ಇರತೈತಿ. ಬ್ಯಾರೆ ಗ್ಯಾರೇಜಿನೋರು ನೀರು ಕೂಡಿಸಿರತಾರ" ಎಂದ ರವಿಕುಮಾರ, ಹೊಗಳುವ ದನಿಯಲ್ಲಿ.

ಸೆಂಟ್ರಿಂಗಿಗೆ ಎಂದಿದ್ದೆಯಲ್ಲ ಎಂದು ದ್ಯಾವಪ್ಪ ಕೇಳಿದ. ಅದಕ್ಕೂ ಹೋಗುತ್ತದೆ, ಉಳಿದದ್ದು ಇಲ್ಲಿ ಚೊಕ್ಕ ಮಾಡುತ್ತೇವೆ, ನೀವೂ ಮಾಡಬಹುದು, ಇದರಲ್ಲಿ ಅಂಥ ಗುಟ್ಟೇನಿಲ್ಲ ಎಂದು ರವಿಕುಮಾರ ಬಿಡಿಸಿ ಹೇಳಿದ. ಕಳಕಮ್ಮನ ಗಾಡಿಯ ವಿಷಯ ಹೇಳಿದಾಗ ಮಾತ್ರ ಸ್ವಲ್ಪ ಬೇಸರಪಟ್ಟುಕೊಂಡ.

"ಹಳೇ ಬಂಡಿ ರೀ ಮಾಮಾ. ಇವತ್ತಿಲ್ಲ ನಾಳಿ ಹೋಗೂವ. ನಿಮ್ಮ ಮ್ಯಾಲೆ ಯಾರರ ಸಂಶೆ ಪಟ್ಟಾರೇನು? ನೀವು ಅವರಿಗೇ ಬೈತೀರಲ್ಲ."

ದ್ಯಾವಪ್ಪ ಎದ್ದು ಹೊರಗೆ ಬಂದ. ಕಾಲುವೆಯ ದಂಡೆಯಲ್ಲಿ ಕೂತು ಬೆಳಗಿನ ರೊಟ್ಟಿಯನ್ನೆಲ್ಲ ಕಾರಿಕೊಂಡ. ಬಾಯಿ ತೊಳೆಯಲು ನೀರಿಗೆ ಕೈ ಹಾಕಿದವನು ನೀರನ್ನು ನೋಡಿ ಕೈ ಹಿಂದೆ ತೆಗೆದ. ಆಮೇಲೆ ದ್ಯಾವಪ್ಪ ನನಗೆ ಹೇಳಿದ್ದು ಇಷ್ಟು: ರವಿಕುಮಾರ ಸುಳ್ಳು ಹೇಳಿದ್ದರೆ, ಕಾಲು ಹಿಡಿದಿದ್ದರೆ, ಬೈದು ಬರುತ್ತಿದ್ದೆ. ಅವನಿಗೆ ಇದು ಹೊಲಸು ಅನ್ನಿಸಲೇ ಇಲ್ಲ. ಅಂಥವನ ಮುಂದೆ ಬಾಯಿ ಬಿಟ್ಟರೆ ಆ ವಾಸನೆ ಒಳಗೆ ಹೋಗುತ್ತದೆ ಅನ್ನಿಸಿತು.

ಮನೆಗೆ ಬಂದು ಹುಲಿಗವ್ವನಿಗೆ ಎಲ್ಲ ಹೇಳಿದ. ಹುಲಿಗವ್ವ ಗಂಡನ ಸಿಟ್ಟನ್ನು ಬಲ್ಲವಳು, ಅರ್ಧಕ್ಕೆ ಅರ್ಧ ತಳ್ಳಿ ಕೇಳಿದಳು. ತಮ್ಮ ತಪ್ಪು ಮಾಡಿರಬಹುದು, ಅವನಿಂದ ಮಾಲು ತರುವುದು ಬಿಟ್ಟರಾಯಿತು, ಆದದ್ದನ್ನು ಯಾಕೆ ಊರ ಮುಂದೆ ಹರಡಬೇಕು ಎಂದಳು. ತವರಿನ ಹೆಸರು ಹೋದರೆ ತಾನು ಹೇಗೆ ತಲೆ ಎತ್ತಿ ಓಡಾಡುವುದು ಎಂದು ಅತ್ತಳು. ದ್ಯಾವಪ್ಪ ಉಳಿದ ಡಬ್ಬಿಗಳನ್ನು ಒಂದೊಂದಾಗಿ ಹರಿತವಾದ ಚಾಣದಿಂದ ತೂತು ಹೊಡೆದು ಡ್ರಮ್ಮಿಗೆ ಸುರಿಯುತ್ತಾ ಕೂತ. ಯಾರೂ ಮತ್ತೆ ತುಂಬಬಾರದು ಎಂದು ಖಾಲಿ ಡಬ್ಬಿಗಳನ್ನು ಸೀಳಿ ಹಾಕಿದ.

ಮರುದಿನ ಕಳಕಮ್ಮನ ಮನೆಗೆ ಹೋದ. ಆಕೆ ಅಂಗಳದಲ್ಲಿ ಎಮ್ಮೆ ಹಿಂಡುತ್ತಿದ್ದಳು. ಗಾಡಿ ಇಲ್ಲದ್ದರಿಂದ ದೂರದ ಹೊಲದ ಮನೆಯವರು ಆಗಲೇ ಬೇರೆಯವನಿಗೆ ಹಾಲು ಕೊಡಲು ಶುರು ಮಾಡಿದ್ದರು. ದ್ಯಾವಪ್ಪ ನಿಂತೇ ಹೇಳಿದ, ಜಾಲರಿ ಕಟ್ಟಿದ್ದು, ಡಬ್ಬಿಯ ಆಯಿಲ್ಲು, ಶೆಡ್ಡು, ತನ್ನ ಡ್ರಮ್ಮು, ಎಲ್ಲವನ್ನೂ. ಗಾಡಿಯನ್ನು ಹೊಸ ಕ್ಯಾಮು, ರಾಕರು ಹಾಕಿ, ಹೆಡ್ಡನ್ನು ಇಲಕಲ್ಲಿನ ಲೇತ್ ಅಂಗಡಿಗೆ ಒಯ್ದು ಸರಿಮಾಡಿಸಿ ಕೊಡುತ್ತೇನೆ, ನೀವು ಏನೂ ಕೊಡಬೇಡಿ ಎಂದ. ತಪ್ಪಾಯಿತು ಎಂದ. ಕಳಕಮ್ಮ ಹಿಂಡುವುದನ್ನು ನಿಲ್ಲಿಸಲಿಲ್ಲ. ಕೆಚ್ಚಲು ಬರಿದಾದ ಮೇಲೆ ಎದ್ದು, ಚರಿಗೆಗೆ ಬಟ್ಟೆ ಕಟ್ಟಿ, ಅವನ ಕಡೆ ತಿರುಗಿದಳು.

"ಅವತ್ತ ಮಂದಿ ಮುಂದ ಅಂದ್ರಿ ದ್ಯಾವಪ್ಪಣ್ಣ. ಇವತ್ತ ನಾನೊಬ್ಬಾಕಿ ಇದ್ದಾಗ ಹೇಳಾಕ ಬಂದೀರಿ. ಅವತ್ತಿನಿಂದ ಡೇರ್‍ಯಾಗ ನನ್ನ ಹಾಲಿಗೆ ನೀರು ಐತೇನ ಅಂತ ಎರಡೆರಡು ಸಲ ಮೀಟರ್ ಹಾಕಾಕತ್ತಾರ."

ಅಷ್ಟು ಹೇಳಿ ಒಳಗೆ ಹೋದಳು. ದ್ಯಾವಪ್ಪ ಎಮ್ಮೆಯ ಪಕ್ಕದಿಂದ ಅಂಗಳ ದಾಟಿದ. ಎಮ್ಮೆ ಅವನ ಅಂಗಿಯನ್ನು ಮೂಸಿ ಮುಖ ತಿರುಗಿಸಿತು ಎಂದು ಅವನೇ ಆಮೇಲೆ ಹೇಳಿದ. ಅದನ್ನು ಹೇಳುವಾಗ ಅವನು ನಗಲಿಲ್ಲ.

ಮರುದಿನ ಬೆಳಿಗ್ಗೆ ಡೇರಿಯ ಮುಂದೆ ಹಾಲು ಹಾಕುವವರ ಸಾಲು ಇತ್ತು. ನಾನೂ ಮೊಸರಿಗೆಂದು ಅಲ್ಲಿಗೆ ಹೋಗಿದ್ದೆ. ಕಳಕಮ್ಮ ತಲೆಯ ಮೇಲೆ ಕ್ಯಾನು ಹೊತ್ತು ಸಾಲಿನ ಕೊನೆಗೆ ನಿಂತಿದ್ದಳು. ದ್ಯಾವಪ್ಪ ಬಂದು ಮೆಟ್ಟಿಲ ಮೇಲೆ ನಿಂತ. ಇಂಜಿನ್ನಿನಿಂದ ತೆಗೆದ ಆ ಜಾಲರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿಕೊಂಡು ತಂದಿದ್ದ. ಮಾತಾಡಿ ಗೊತ್ತಿಲ್ಲದ ಗಂಡಸು, ಬೈಯುವುದಷ್ಟೇ ಗೊತ್ತು. ಜಾಲರಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಈ ತಾಯಿ ಗಾಡಿ ಕೆಡಿಸಿದಾಂವ ನಾನು. ನಾನು ಹಾಕಿದ ಆಯಿಲ್ ಖೊಟ್ಟಿ ಇತ್ತು. ಮಂದಿ ಗಾಡಿ ಕಾರಿಕೊಂಡ ಹೊಲಸನ್ನ ತಿರುಗಿ ಮಂದಿ ಗಾಡಿ ಬಾಯಾಗ ಹಾಕೀನಿ. ಈಕಿ ಹಾಲಿನ ಬಗ್ಗೆ ನಾ ಅಂದದ್ದು ಸುಳ್ಳು. ಹೋದ ವರ್ಷದಿಂದ ನನ್ನ ಕಡೆ ಆಯಿಲ್ ಹಾಕಿಸಿದೋರು ಎಲ್ಲಾರೂ ಗಾಡಿ ತಗೊಂಡು ಬರ್ರಿ."

ಆಯಿಲ್ ತಂದುಕೊಟ್ಟವರು ಯಾರು ಎಂದು ಯಾರೋ ಕೇಳಿದರು. ದ್ಯಾವಪ್ಪ ಹೆಂಡತಿಯ ತಮ್ಮನ ಹೆಸರು ಹೇಳಿದ. ಕಳಕಮ್ಮ ಆಚೆ ನೋಡುತ್ತಾ ನಿಂತಿದ್ದಳು. ಸಾಲು ಮುಂದೆ ಸರಿದಾಗ ತಾನೂ ಸರಿದಳು. ಆ ಹೊತ್ತು ಆಕೆಯ ಹಾಲಿಗೆ ಒಂದೇ ಸಲ ಮೀಟರ್ ಹಾಕಿದರು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಸತ್ಯ ಹೇಳಿದನೆಂದು ಅವನನ್ನು ಯಾರೂ ಹೊಗಳಲಿಲ್ಲ. ಗ್ಯಾರೇಜಿನ ಮುಂದೆ ಗಾಡಿಗಳು ನಿಂತವು, ಗಾಡಿಗಿಂತ ಹೆಚ್ಚು ಬಾಯಿಗಳು ಬಂದವು. ಹತ್ತು ವರ್ಷದ ಹಿಂದೆ ಕೆಟ್ಟ ಗಾಡಿಯ ಲೆಕ್ಕವನ್ನೂ ಅವನ ಮೇಲೆ ಹಾಕಿದರು. ಒಬ್ಬ ಅವನು ದಿನಾ ತೊಳೆಯುವ ಕಲ್ಲಿನ ಮೇಲೆ ಎಲೆ ಅಡಿಕೆ ಉಗುಳಿ ಹೋದ. ದ್ಯಾವಪ್ಪ ನೀರು ಹಾಕಿ ತಿಕ್ಕಿ ತೊಳೆದ. ಒಂದೊಂದೇ ಗಾಡಿಯ ಕ್ಲಚ್ ಕವರ್ ಬಿಚ್ಚಿ ಜಾಲರಿ ತೆಗೆದ. ಕೆಲವು ಚೊಕ್ಕ ಇದ್ದವು. ಕೆಲವು ಅರ್ಧ ಕಟ್ಟಿದ್ದವು, ಅವು ಉಳಿದವು. ಕೆಲವು ಹೆಡ್ಡುಗಳು ಕಳಕಮ್ಮನ ಗಾಡಿಯ ಹಾಗೇ ಸುಟ್ಟಿದ್ದವು. ಇಡೀ ಮಳೆಗಾಲ ಅವನ ಕೈ ಆ ಕರಿ ಜಿಗುಟಿನಲ್ಲೇ ಇತ್ತು. ಉಗುರಿನ ಮಸಿ ತೆಗೆಯುವುದನ್ನೇ ಬಿಟ್ಟ. ತೆಗೆದರೂ ಆ ವಾಸನೆ ಹೋಗುವುದಿಲ್ಲ ಎನ್ನುತ್ತಿದ್ದ. ಊಟಕ್ಕೆ ಕೂತರೆ ರೊಟ್ಟಿಯನ್ನು ಚಮಚದಿಂದ ಮುರಿದು ತಿನ್ನುವುದನ್ನು ನಾನೇ ನೋಡಿದ್ದೇನೆ.

ಶೆಡ್ಡಿನ ವಿಷಯವನ್ನು ಪೊಲೀಸರಿಗೆ ಹೇಳಿ, ಬರೆದುಕೊಟ್ಟು ಬಂದಿದ್ದ. ವಿಚಾರಿಸಲು ಅವರು ಹೋಗುವ ಹೊತ್ತಿಗೆ ಶೆಡ್ಡು ಖಾಲಿಯಾಗಿತ್ತು. ಡೇರಿಯ ಮುಂದಿನ ಮಾತು ಅಂದೇ ಗಂಗಾವತಿಗೆ ಮುಟ್ಟಿರಬೇಕು.

ಈ ನಡುವೆ ಹುಲಿಗವ್ವ ಗಂಡನ ಜೊತೆ ಮಾತು ಬಿಟ್ಟಿದ್ದಳು. ಅಡುಗೆ ಮಾಡಿ ಇಡುತ್ತಿದ್ದಳು, ಬಡಿಸುತ್ತಿರಲಿಲ್ಲ. ಒಂದು ದಿನ ತವರಿಗೆ ಹೊರಟಳು. ತಾಯಿಗೆ ಮೈಯಲ್ಲಿ ಆರಾಮಿಲ್ಲ ಎಂಬುದು ನೆಪ, ಇನ್ನು ತಿರುಗಿ ಬರುವುದಿಲ್ಲವೇನೋ ಎಂದು ಓಣಿಯವರು ಮಾತಾಡಿಕೊಂಡರು. ಆಕೆ ಬಂದದ್ದು ಎರಡೇ ದಿನಕ್ಕೆ. ಬಂದವಳು ಮನೆಯೊಳಗೆ ಹೋಗಲಿಲ್ಲ. ಬಚ್ಚಲಿಗೆ ಹೋಗಿ ಸೀರೆ ಬದಲಿಸಿ, ಉಟ್ಟು ಬಂದ ಸೀರೆಯನ್ನು ಸೋಡಾ ನೀರಿನಲ್ಲಿ ನೆನೆ ಹಾಕಿದಳು. ತಲೆಗೆ ಸೀಗೆಪುಡಿ ತಿಕ್ಕಿ ತಿಕ್ಕಿ ತೊಳೆದಳು. ದ್ಯಾವಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಕೂದಲು ಒರೆಸಿಕೊಳ್ಳುತ್ತಾ ಆಕೆಯೇ ಹೇಳಿದಳು. ತಮ್ಮ ಡ್ರಮ್ಮುಗಳನ್ನು ತಂದು ತವರುಮನೆಯ ಹಿತ್ತಲಲ್ಲೇ ಇಟ್ಟಿದ್ದಾನೆ. ಅವ್ವ ಮಲಗುವ ಕೋಣೆಯ ಕಿಟಕಿಯ ಕೆಳಗೆ ಒಲೆ ಹೂಡಿದ್ದಾನೆ. ಅವ್ವ ಕೆಮ್ಮಿ ಕೆಮ್ಮಿ ಅನ್ನ ಬಿಟ್ಟಿದ್ದಾಳೆ. ಇದನ್ನು ತೆಗಿ ಎಂದರೆ, ಸ್ವಲ್ಪ ದಿನ ಅಕ್ಕಾ, ಗಲಾಟೆ ತಣ್ಣಗಾಗಲಿ ಎಂದು ನಕ್ಕನಂತೆ. ಕುಡಿಯುವ ನೀರಿನ ಕೊಡದಲ್ಲೂ ಪೊರೆ ಕಟ್ಟಿತ್ತು.

"ಆ ನೀರಾಗ ನನಗ ಚಾ ಮಾಡಿ ಕೊಟ್ಟಾನ ರೀ. ಕುಡದೆ. ಅಕ್ಕನ ಮುಂದ ನಗಕೊಂತ ಕೊಟ್ಟಾನ."

ಮುಂದಿನ ವಾರ ಗಂಡಹೆಂಡಿರು ಇಬ್ಬರೂ ಹೋಗಿ ಮುದುಕಿಯನ್ನು ಹನುಮಸಾಗರಕ್ಕೆ ಕರೆದುಕೊಂಡು ಬಂದರು. ರವಿಕುಮಾರ ಬಸ್ ನಿಲ್ದಾಣದ ತನಕ ಬ್ಯಾಗು ಹಿಡಿದು ಬಂದ. ಹುಲಿಗವ್ವ ಬ್ಯಾಗನ್ನು ಅವನ ಕೈಯಿಂದ ಇಸಿದುಕೊಂಡು, ಹಿಡಿಕೆಯನ್ನು ಸೆರಗಿನಿಂದ ಒರೆಸಿದಳು. ಹಬ್ಬಕ್ಕೆ ಬರಬೇಡ ಎಂದಳಂತೆ. ಆಮೇಲೆ ಅವನು ಬಂದಿಲ್ಲ.

ಕಳಕಮ್ಮನ ಗಾಡಿ ಶ್ರಾವಣದಲ್ಲಿ ಸಿದ್ಧವಾಯಿತು. ಆಕೆ ಬಂದು ಚಾಲೂ ಮಾಡಿಸಿದಳು, ತಲೆ ಬಗ್ಗಿಸಿ ಸದ್ದು ಕೇಳಿದಳು. ಬಂದ್ ಮಾಡಿಸಿ ತಾನೇ ಗೇಜು ತೆಗೆದು ಮೂಸಿದಳು. ಎರಡು ಬೆರಳಿನ ನಡುವೆ ಎಣ್ಣೆ ತಿಕ್ಕಿ, ಹಾಲಿಗೆ ಮಾಡುವ ಹಾಗೆ ನೂಲು ಎಳೆದು ನೋಡಿದಳು. ದ್ಯಾವಪ್ಪ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ. ಆಕೆ ಗೇಜನ್ನು ತಿರುಗಿ ಕೂರಿಸಿ ಗಾಡಿ ಹತ್ತಿ ಹೋದಳು. ಈಗ ಆಯಿಲ್ ಬದಲಿಸಲು ಆಕೆ ಕುಷ್ಟಗಿಗೆ ಹೋಗುತ್ತಾಳೆ. ದಾರಿಯಲ್ಲಿ ಪಂಕ್ಚರ್ ಆದರೆ ಮಾತ್ರ ದ್ಯಾವಪ್ಪನ ಹತ್ತಿರ ನಿಲ್ಲಿಸುತ್ತಾಳೆ. ಬಿಟ್ಟುಹೋದ ಹೊಲದ ಮನೆಗಳಲ್ಲಿ ಕೆಲವು ತಿರುಗಿ ಆಕೆಗೆ ಹಾಲು ಕೊಡುತ್ತಿವೆ, ಎಲ್ಲವೂ ಅಲ್ಲ.

ದ್ಯಾವಪ್ಪ ಈಗ ಆಯಿಲ್ ಮಾರುವುದಿಲ್ಲ. ನೀವೇ ತನ್ನಿ, ನನ್ನೆದುರಿಗೆ ಒಡೆಯಿರಿ, ನೀವೇ ಸುರಿಯಿರಿ ಎನ್ನುತ್ತಾನೆ. ಬಸಿದದ್ದನ್ನು ಡ್ರಮ್ಮಿಗೆ ಹಾಕುವಾಗ, ಯಾರೂ ಮತ್ತೆ ಮಾರಬಾರದು ಎಂದು ಅದರಲ್ಲಿ ಎರಡು ಮುಷ್ಟಿ ಮರಳು ಎರಚುತ್ತಾನೆ. ಹೋದ ತಿಂಗಳು ಕುಷ್ಟಗಿಯ ಒಂದು ಅಂಗಡಿಯ ಮುಂದೆ ಅವನ ಜೊತೆ ನಾನೂ ನಿಂತಿದ್ದೆ. ಹಲಗೆಯ ಮೇಲೆ ಹೊಸ ಹೆಸರಿನ ಆಯಿಲ್ ಡಬ್ಬಿಗಳು, ಹೊಳೆಯುವ ಲೇಬಲ್ಲು. ಎಲ್ಲಿಂದ ಬರುತ್ತದೆ ಎಂದು ದ್ಯಾವಪ್ಪ ಕೇಳಿದ. ಗಂಗಾವತಿ ಮಾಲು ರೀ, ಬಹಳ ಹೋಗುತ್ತದೆ ಎಂದ ಅಂಗಡಿಯವನು. ದ್ಯಾವಪ್ಪ ಒಂದು ಡಬ್ಬಿ ಕೊಂಡ. ಅಲ್ಲೇ ಸೀಲು ಒಡೆದು ಅಂಗಡಿಯವನ ಮೂಗಿನ ಕೆಳಗೆ ಹಿಡಿದ. ಅದೇ ಹುಳಿ ವಾಸನೆ. ಅವನು ಮುಖ ಹಿಂದಕ್ಕೆ ಎಳೆದುಕೊಂಡ.

"ಇದನ್ನ ನಿನ್ನ ಗಾಡಿಗೆ ಹಾಕ್ತೀಯೇನು?" ಎಂದು ದ್ಯಾವಪ್ಪ ಕೇಳಿದ.

ನಾವು ರಸ್ತೆ ದಾಟಿ ತಿರುಗಿ ನೋಡಿದಾಗ ಅಂಗಡಿಯವನು ಆ ಡಬ್ಬಿಗಳನ್ನು ಹಲಗೆಯಿಂದ ಇಳಿಸುತ್ತಿದ್ದ. ಎಸೆಯಲೋ, ಒಳಗೆ ಮುಚ್ಚಿಡಲೋ, ಅಲ್ಲಿಂದ ತಿಳಿಯಲಿಲ್ಲ.